ರಿಮೋಟಿನ ಸೆಲ್ ಮುಗಿಯೋ ಮುಂಚೆ ಹೇಳಬೇಕು: ಆರ್‌ಸಿ ಟ್ರಾನ್ಸ್‌ಮಿಟರ್‌ಗೆ ಯಾವ ರೀಚಾರ್ಜ್ ಬ್ಯಾಟರಿ?

ಬೆನ್ನಿಗೆ ಹಾಕಿಕೊಳ್ಳೋ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಚಾರ್ಜ್ ಕಮ್ಮಿಯಾದ್ರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಝಲ್‌ನಿಂದ ಬರೋ ಮಂಜು ದಪ್ಪ ಹನಿಯಾಗುತ್ತೆ, ಮೋಟರಿನ ಸದ್ದು ಇಳಿಯುತ್ತೆ. ಟಾರ್ಚ್ ಆದ್ರೆ ಬೆಳಕು ಮಂಕಾಗುತ್ತೆ. ಆದರೆ ಆರ್‌ಸಿ ವಿಮಾನ, ಚಿಕ್ಕ ಡ್ರೋನ್ ಹಾರಿಸೋ ರಿಮೋಟ್ ಹಾಗಲ್ಲ. ಅದರೊಳಗೆ ಒಂದು ರೆಗ್ಯುಲೇಟರ್ ಇರುತ್ತೆ. ಸೆಲ್ಲಿನ ವೋಲ್ಟೇಜ್ ಇಳೀತಾ ಇದ್ದರೂ ಒಳಗಿನ ರೇಡಿಯೋ ಭಾಗಕ್ಕೆ ಒಂದೇ ಸಮ ವಿದ್ಯುತ್ ಕೊಡ್ತಾ ಹೋಗುತ್ತೆ. ಹಾಗಾಗಿ ಸೆಲ್ ಅರ್ಧ ಆದಾಗಲೂ ರಿಮೋಟ್ ಹೊಸದರಂತೆ ಕೆಲಸ ಮಾಡುತ್ತೆ, ಕೊನೇ ಐದು ನಿಮಿಷದಲ್ಲೂ ಹಾಗೇ ಮಾಡುತ್ತೆ. ಆಮೇಲೆ ಒಂದೇ ಸಲಕ್ಕೆ ಆಫ್. ಮೇಲೆ ಹಾರ್ತಾ ಇರೋ ವಿಮಾನಕ್ಕೆ ಆಗ ಯಜಮಾನನೇ ಇಲ್ಲ.

ಕೃಷಿ ಪುಟದಲ್ಲಿ ಇದೇನು ಆಟದ ಸಾಮಾನಿನ ವಿಷಯ ಅಂತ ಕೇಳಬಹುದು. ನಮ್ಮ ತಿಪಟೂರು ಕಡೆ ಈಗ ಸ್ಪ್ರೇ ಡ್ರೋನ್ ತರಬೇತಿಗೆ ಹೋಗಬೇಕು ಅಂತ ಇರೋ ಹುಡುಗ ಹುಡುಗಿಯರು ಮೊದಲು ಕೈ ಪಳಗಿಸಿಕೊಳ್ಳೋದೇ ಇಂಥ ಹವ್ಯಾಸಿ ರಿಮೋಟ್‌ನಲ್ಲಿ. ಥರ್ಮೋಕೋಲ್ ಥರದ ಫೋಮ್ ವಿಮಾನ, ಅಂಗೈಯಗಲದ ಡ್ರೋನ್ ತಂದು ಕುಯ್ಲಾದ ರಾಗಿ ಹೊಲದಲ್ಲಿ ಹಾರಿಸ್ತಾರೆ. ಸುತ್ತ ತೆಂಗಿನ ಮರ, ಅಡಿಕೆ ತೋಟ, ಕರೆಂಟ್ ತಂತಿ. ಅವರಲ್ಲಿ ಬಹಳ ಜನ ನನ್ನನ್ನ ಕೇಳೋ ಮೊದಲ ಪ್ರಶ್ನೆ, "ಅಣ್ಣ, ಎಷ್ಟು ಎಂಎಎಚ್ ಸೆಲ್ ತಗೊಳ್ಳಲಿ?" ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು ಇದು: ಈ ಸೆಲ್ ಮುಗಿಯೋ ಮುಂಚೆ ನನಗೆ ಹೇಳುತ್ತಾ? ಯಾವ ಬ್ಯಾಟರಿ ಒಳ್ಳೇದು ಅನ್ನೋದನ್ನ ಈ ವಾರ ಇದೇ ಅಳತೆಕೋಲಿನಿಂದ ನೋಡೋಣ.

ಮೊದಲು ರಿಮೋಟಿನ ಬೆನ್ನು ತಿರುಗಿಸಿ ನೋಡಿ

ಎಲ್ಲ ರಿಮೋಟ್‌ಗೂ ಒಂದೇ ಬ್ಯಾಟರಿ ಅಲ್ಲ. ಕಲಿಯೋರ ಕೈಯಲ್ಲಿ ಹೆಚ್ಚು ಕಾಣೋ ಫ್ಲೈಸ್ಕೈ ಎಫ್‌ಎಸ್-ಐ6 ನಾಲ್ಕು ಪೆನ್ಸಿಲ್ ಸೆಲ್ ತಗೊಳ್ಳುತ್ತೆ. ಅಂಗಡಿಯಲ್ಲಿ ಎಎ ಅಂತ ಕೇಳಿದ್ರೆ ಕೊಡೋ ಸೆಲ್ ಅದೇ. ನಾಲ್ಕು ಸೇರಿ 6 ವೋಲ್ಟ್. ಅದೇ ಕಂಪನಿಯ ಹಳೇ ಸಿಟಿ6ಬಿ ಎಂಟು ಸೆಲ್ ಬೇಡುತ್ತೆ, 12 ವೋಲ್ಟ್. ರೇಡಿಯೋಮಾಸ್ಟರ್ ಟಿಎಕ್ಸ್16ಎಸ್ ಥರದ ದೊಡ್ಡ ರಿಮೋಟ್‌ಗಳು ಎರಡು 18650 ಲಿಥಿಯಂ ಸೆಲ್ ಮೇಲೆ ನಡೆಯುತ್ತವೆ, ತುಂಬಿದಾಗ 8.4 ವೋಲ್ಟ್. ಸೆಲ್ ಕೂರೋ ಜಾಗದಲ್ಲಿ ಅಥವಾ ಪುಸ್ತಕದಲ್ಲಿ ಎಷ್ಟು ವೋಲ್ಟ್ ಅಂತ ಬರೆದಿರುತ್ತೆ. ಆ ಅಂಕಿ ಗೊತ್ತಿಲ್ಲದೆ ಯಾವ ಬ್ಯಾಟರಿಯನ್ನೂ ಕೊಳ್ಳಬೇಡಿ. ಸೆಲ್ ಜಾಗದಲ್ಲಿ ಕೂರುತ್ತೆ ಅಂದ ಮಾತ್ರಕ್ಕೆ ಅದು ಆ ರಿಮೋಟ್‌ಗೆ ಸರಿ ಅಂತಲ್ಲ. ಇದರ ಅಪಾಯ ಏನು ಅಂತ ಮುಂದೆ ಹೇಳ್ತೀನಿ.

ಬಿಸಾಡೋ ಆಲ್ಕಲೈನ್ ಸೆಲ್ ಬಗ್ಗೆ ಎರಡು ಮಾತು ಸಾಕು. ತುರ್ತಿಗೆ ಚೆನ್ನಾಗಿದೆ, ಪೇಟೆಯಲ್ಲಿ ಎಲ್ಲೆಡೆ ಸಿಗುತ್ತೆ. ವೋಲ್ಟೇಜ್ ನಿಧಾನಕ್ಕೆ ಇಳಿಯೋದರಿಂದ ಎಷ್ಟು ಉಳಿದಿದೆ ಅನ್ನೋ ಅಂದಾಜು ಪರದೆ ಮೇಲೆ ಚೆನ್ನಾಗಿ ಸಿಗುತ್ತೆ. ಆದರೆ ಮಳೆಗಾಲ ಪೂರ್ತಿ ರಿಮೋಟಿನೊಳಗೇ ಬಿಟ್ಟರೆ ಸೋರಿ ಬಿಳಿ ಪುಡಿ ಕಟ್ಟುತ್ತೆ, ಸ್ಪ್ರಿಂಗ್ ತಿಂದುಹಾಕುತ್ತೆ. ಆ ಪುಡಿ ಕ್ಷಾರ. ಕಿವಿಗೆ ಹಾಕೋ ಹತ್ತಿಕಡ್ಡಿಗೆ ಎರಡು ಹನಿ ನಿಂಬೆರಸ ಹಚ್ಚಿ ಒರೆಸಿದ್ರೆ ಬಿಡುತ್ತೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಿ. ಬರಿಗೈಯಲ್ಲಿ ಮುಟ್ಟಿ ಕಣ್ಣು ಉಜ್ಜಿಕೊಳ್ಳಬೇಡಿ.

ಹಳೇ ರಿಮೋಟ್ ಯಾರಿಂದಲೋ ತಗೊಂಡಿದ್ರೆ ಅದರೊಳಗೆ ನಿಕಲ್ ಕ್ಯಾಡ್ಮಿಯಂ ಪ್ಯಾಕ್ ಇರಬಹುದು. ಎಂಟು ಸೆಲ್ ಒಟ್ಟಿಗೆ ಸುತ್ತಿ 9.6 ವೋಲ್ಟ್ ಅಂತ ಬರೆದಿರೋ ಪ್ಯಾಕ್‌ಗಳು ಹಿಂದೆ ಇದೇ ಜಾತಿಯವು. ಅದನ್ನ ಮತ್ತೆ ಜೀವ ಬರಿಸೋಕೆ ಹೋಗಬೇಡಿ, ಬದಲಾಯಿಸಿ. ತೆಗೆದಿದ್ದನ್ನ ಮಾತ್ರ ತಿಪ್ಪೆಗೆ ಎಸೆಯಬೇಡಿ. ಕ್ಯಾಡ್ಮಿಯಂ ವಿಷದ ಲೋಹ. ತಿಪ್ಪೆಗೆ ಬಿದ್ದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತೆ, ಮಣ್ಣಿಗೆ ಸೇರಿದ್ದು ತಾನಾಗಿ ಕರಗಿ ಹೋಗಲ್ಲ. ಭತ್ತ, ಸೊಪ್ಪು ಅದನ್ನ ಬೇರಿನಿಂದ ಹೀರಿಕೊಳ್ಳುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ತಗೊಳ್ಳೋ ಹೊಣೆ ತಯಾರಕರ ಮೇಲಿದೆ. ಪೇಟೆಯ ಬ್ಯಾಟರಿ ಅಂಗಡಿಗೋ ಇ-ತ್ಯಾಜ್ಯ ತಗೊಳ್ಳೋರಿಗೋ ಕೊಡೋವರೆಗೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ.

ನಾಲ್ಕು ಸೆಲ್ಲಿನ ರಿಮೋಟ್‌ಗೆ ನನ್ನ ಆಯ್ಕೆ

ನಿಕಲ್ ಮೆಟಲ್ ಹೈಡ್ರೈಡ್. ಪ್ಯಾಕೆಟ್ ಮೇಲೆ ಎನ್‌ಐ-ಎಂಎಚ್ ಅಂತ ಇರುತ್ತೆ. ಇನ್ನು ಮುಂದೆ ಸುಮ್ಮನೆ ನಿಕಲ್ ಸೆಲ್ ಅಂತೀನಿ.

ಇದನ್ನ ನೋಡಿದ ತಕ್ಷಣ ಎಲ್ಲರೂ ಎತ್ತೋ ಆಕ್ಷೇಪ ಒಂದೇ. ಆಲ್ಕಲೈನ್ 1.5 ವೋಲ್ಟ್, ಇದು ಬರೀ 1.2. ನಾಲ್ಕು ಹಾಕಿದ್ರೆ 4.8 ಬರುತ್ತೆ, ರಿಮೋಟ್ ಕೇಳೋದು 6, ಸಾಲುತ್ತಾ? ಸಾಲುತ್ತೆ. ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಡೋದು ಹೊಸದಾಗಿದ್ದಾಗ ಮಾತ್ರ. ಬಳಸ್ತಾ ಬಳಸ್ತಾ 1.3, 1.2, 1.1 ಅಂತ ಇಳಿದುಕೊಂಡೇ ಹೋಗುತ್ತೆ. ಅಂದ್ರೆ ಅದರ ಜೀವನದ ಎರಡನೇ ಅರ್ಧ ಕಳೆಯೋದೇ 1.2ರ ಆಸುಪಾಸಿನಲ್ಲಿ. ನಿಕಲ್ ಸೆಲ್ ಚಾರ್ಜರ್‌ನಿಂದ ತೆಗೆದಾಗ 1.4ರ ಹತ್ತಿರ ಇರುತ್ತೆ, ಬೇಗ 1.25ಕ್ಕೆ ಇಳಿದು ಅಲ್ಲೇ ಬಹಳ ಹೊತ್ತು ನಿಲ್ಲುತ್ತೆ, ಕೊನೆಗೆ 1.1 ದಾಟಿದ ಮೇಲೆ ಜಾರುತ್ತೆ. ಎಫ್‌ಎಸ್-ಐ6 ಕೂಗೋದು 4.2 ವೋಲ್ಟ್‌ಗಿಂತ ಕೆಳಗೆ ಬಂದಾಗ, ಅಂದ್ರೆ ಸೆಲ್ಲಿಗೆ 1.05. ಹಾಗಾಗಿ 4.8 ಅನ್ನೋದು ಅದಕ್ಕೆ ಕಮ್ಮಿ ಏನಲ್ಲ.

ಆದರೆ ಇಲ್ಲೇ ಒಂದು ಎಚ್ಚರ ಬೇಕು. ನಿಕಲ್ ಸೆಲ್ 1.05ಕ್ಕೆ ಬಂತು ಅಂದ್ರೆ ಬೆಟ್ಟದ ತುದಿಯಿಂದ ಆಗಲೇ ಜಾರೋಕೆ ಶುರುವಾಗಿದೆ. ಆಲ್ಕಲೈನ್ ಆಗಿದ್ರೆ ಕೂಗು ಕೇಳಿದ ಮೇಲೂ ಸಾವಕಾಶವಾಗಿ ಇಳಿಸಬಹುದು. ನಿಕಲ್‌ನಲ್ಲಿ ಅಷ್ಟು ಪುರುಸೊತ್ತು ಇಲ್ಲ. ನಾನು ಪಾಲಿಸೋ ನಿಯಮ, ರಿಮೋಟ್ ಪರದೆಯಲ್ಲಿ 4.7 ಕಂಡರೆ ಆ ದಿನದ ಹಾರಾಟ ಮುಗೀತು. ಬೀಪ್ ಬರೋವರೆಗೂ ಕಾಯೋದಿಲ್ಲ.

ನಿಕಲ್ ಸೆಲ್‌ನಲ್ಲೂ ಎರಡು ಬಗೆ ಇದೆ. ಸಾಮಾನ್ಯ ಬಗೆಯದು ಸುಮ್ಮನೆ ಇಟ್ಟರೂ ತಾನಾಗಿ ಚಾರ್ಜ್ ಕಳಕೊಳ್ಳುತ್ತೆ. ಒಂದು ತಿಂಗಳಲ್ಲಿ ನಾಲ್ಕನೇ ಒಂದು ಭಾಗ ಹೋಗಿಬಿಟ್ಟಿದ್ರೂ ಆಶ್ಚರ್ಯ ಇಲ್ಲ, ನಮ್ಮ ಏಪ್ರಿಲ್ ಸೆಕೆಗೆ ಇನ್ನೂ ಬೇಗ. ಎರಡನೇ ಬಗೆಯದು ಚಾರ್ಜ್ ಹಿಡಿದಿಟ್ಟುಕೊಳ್ಳುತ್ತೆ. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ಎನಿಲೂಪ್ ಅನ್ನೋ ಹೆಸರಲ್ಲಿ ಇದನ್ನ ತಂತು, ಈಗ ಅದು ಪ್ಯಾನಾಸೋನಿಕ್ ಕೈಯಲ್ಲಿದೆ. ಬೇರೆ ಕಂಪನಿಗಳೂ ಇದೇ ಬಗೆಯವನ್ನ ಮಾಡ್ತವೆ. ಪ್ಯಾಕೆಟ್ ಮೇಲೆ "ರೆಡಿ ಟು ಯೂಸ್" ಅಥವಾ "ಪ್ರೀ ಚಾರ್ಜ್ಡ್" ಅಂತ ಇದ್ದರೆ ಸಾಮಾನ್ಯವಾಗಿ ಈ ಜಾತಿ. ಇವು ವರ್ಷ ಕಳೆದ ಮೇಲೂ ಚಾರ್ಜಿನ ಬಹುಪಾಲು ಉಳಿಸಿಕೊಂಡಿರ್ತವೆ.

ನಮಗೆ ಇದು ಯಾಕೆ ಮುಖ್ಯ? ನಾವು ದಿನಾ ಹಾರಿಸೋರಲ್ಲ. ನಾಟಿ ಬಂತು ಅಂದ್ರೆ ಒಂದು ತಿಂಗಳು ರಿಮೋಟ್ ಮುಟ್ಟೋದಿಲ್ಲ, ಕೊಬ್ಬರಿ ಸುಲಿಯೋ ಕಾಲಕ್ಕೆ ಮತ್ತೊಂದು ತಿಂಗಳು. ಆಮೇಲೆ ಒಂದು ಭಾನುವಾರ ಸಂಜೆ ಗಾಳಿ ನಿಂತಿದೆ ಅಂತ ಎತ್ತಿಕೊಂಡು ಹೋಗ್ತೀವಿ. ಆ ದಿನ ಸೆಲ್ಲಿನಲ್ಲಿ ಎಷ್ಟಿದೆ ಅನ್ನೋದು ಊಹೆ ಆಗಬಾರದು. ಅದಕ್ಕೇ 2700 ಎಂಎಎಚ್‌ನ ಸಾಮಾನ್ಯ ಸೆಲ್ಲಿಗಿಂತ 2000 ಎಂಎಎಚ್‌ನ ಚಾರ್ಜ್ ಹಿಡಿಯೋ ಸೆಲ್ ನನಗೆ ಮೇಲು. ದೊಡ್ಡ ಅಂಕಿಯ ತೂತು ಬಿಂದಿಗೆಗಿಂತ ಸೋರದ ಚಿಕ್ಕ ಬಿಂದಿಗೆ ವಾಸಿ. ನಿಮ್ಮ ರಿಮೋಟ್ 150 ಮಿಲಿಆಂಪ್ ಎಳೆಯುತ್ತೆ ಅಂತಿಟ್ಟುಕೊಳ್ಳಿ, 2000ಕ್ಕೆ ಲೆಕ್ಕದ ಪ್ರಕಾರ 13 ಗಂಟೆ. ಹತ್ತು ಅಂತ ಹಿಡಿಯಿರಿ. ಚಿಕ್ಕ ವಿಮಾನದ ಬ್ಯಾಟರಿ ಹತ್ತು ನಿಮಿಷಕ್ಕೆ ಮುಗಿಯೋವಾಗ ಅಷ್ಟು ಸಾಕಲ್ವಾ?

ನಾಲ್ಕು ಸೆಲ್ ಅಂದ್ರೆ ನಾಲ್ಕು ಎತ್ತಿನ ಸಾಲು ಅಂತ ತಿಳ್ಕೊಳ್ಳಿ. ಒಂದು ಸೋತರೆ ಸಾಲೇ ನಿಂತಂತೆ. ಹಳೇದು ಎರಡು, ಹೊಸದು ಎರಡು ಸೇರಿಸಬೇಡಿ. ಬಡಕಲು ಸೆಲ್ ಮೊದಲು ಖಾಲಿಯಾಗುತ್ತೆ, ಉಳಿದ ಮೂರು ಅದರೊಳಗೆ ಉಲ್ಟಾ ವಿದ್ಯುತ್ ನೂಕ್ತವೆ, ಅಲ್ಲಿಗೆ ಅದರ ಕಥೆ ಮುಗೀತು. ಒಟ್ಟಿಗೆ ಕೊಂಡ ನಾಲ್ಕನ್ನೂ ಮಾರ್ಕರ್‌ನಲ್ಲಿ ಗುರುತು ಹಾಕಿ, ಕೊಂಡ ತಿಂಗಳು ಬರೆದು, ಒಟ್ಟಿಗೇ ಬಳಸಿ, ಒಟ್ಟಿಗೇ ಚಾರ್ಜ್ ಮಾಡಿ. ಮನೆಯ ಟಿವಿ ರಿಮೋಟ್‌ಗೆ ಒಂದನ್ನ ಸಾಲ ಕೊಡಬೇಡಿ. ನಮ್ಮ ಮನೆಯಲ್ಲಿ ಇದರ ಮೇಲೆ ಜಗಳವೇ ಆಗಿದೆ.

ಹೊಳೆಯೋ ಹೊಸ ಸೆಲ್: 1.5 ವೋಲ್ಟ್ ಲಿಥಿಯಂ

ಈಗ ಆನ್‌ಲೈನ್‌ನಲ್ಲಿ ಜೋರಾಗಿ ಮಾರಾಟ ಆಗ್ತಿರೋದು ಪೆನ್ಸಿಲ್ ಸೆಲ್ ಗಾತ್ರದ, ತಲೆಯಲ್ಲೇ ಟೈಪ್-ಸಿ ತೂತು ಇರೋ, ಫೋನ್ ಚಾರ್ಜರ್‌ನಿಂದಲೇ ತುಂಬಿಸೋ ಲಿಥಿಯಂ ಸೆಲ್. 1.5 ವೋಲ್ಟ್ ಕೊನೇವರೆಗೂ ಕೊಡುತ್ತೆ ಅಂತ ಜಾಹೀರಾತು. ಮಾತು ನಿಜ. ಅದೇ ತೊಂದರೆ.

ಒಳಗಿರೋದು 3.7 ವೋಲ್ಟಿನ ಲಿಥಿಯಂ. ಒಂದು ಚಿಕ್ಕ ಸರ್ಕ್ಯೂಟ್ ಅದನ್ನ 1.5ಕ್ಕೆ ಇಳಿಸಿ ಕೊಡುತ್ತೆ. ಸೆಲ್ ತುಂಬಿದ್ದಾಗಲೂ 1.5, ಮುಕ್ಕಾಲು ಖಾಲಿಯಾದಾಗಲೂ 1.5. ನಾಲ್ಕು ಹಾಕಿದ ರಿಮೋಟಿನ ಪರದೆ ಶುರುವಿನಿಂದ ಕೊನೇ ನಿಮಿಷದವರೆಗೂ 6.0 ಅಂತಲೇ ತೋರಿಸುತ್ತೆ. ರಿಮೋಟ್ ಪಾಪ 4.2 ಬಂದ್ರೆ ಕೂಗೋಣ ಅಂತ ಕಾಯ್ತಾ ಕೂತಿರುತ್ತೆ, ಆ 4.2 ಬರೋದೇ ಇಲ್ಲ. ನಾಲ್ಕರಲ್ಲಿ ಯಾವುದೋ ಒಂದು ಸೆಲ್ಲಿನ ಸರ್ಕ್ಯೂಟ್ ಮೊದಲು ಬಾಗಿಲು ಹಾಕುತ್ತೆ, ಸಾಲು ಕಡಿಯುತ್ತೆ, ರಿಮೋಟ್ ಸತ್ತು ಹೋಗುತ್ತೆ. ಕೆಲವು ಹೊಸ ಮಾದರಿಗಳು ಕೊನೆಯಲ್ಲಿ 1.1ಕ್ಕೆ ಇಳಿದು ಸುಳಿವು ಕೊಡ್ತವೆ. ಆದ್ರೂ ಗಡಿಯಾರಕ್ಕೆ, ಮಕ್ಕಳ ಕಾರಿಗೆ, ಟಾರ್ಚ್‌ಗೆ ಈ ಸೆಲ್ ಬಳಸಿ, ಹಾರೋ ವಸ್ತುವಿನ ರಿಮೋಟ್‌ಗೆ ಬೇಡ ಅಂತಲೇ ನನ್ನ ಸಲಹೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ನೋಡೋಕೆ ಪೆನ್ಸಿಲ್ ಸೆಲ್ ಥರಾನೇ, ಮೈಮೇಲೆ 14500 ಅಂತ ಬರೆದಿರುತ್ತೆ. 14 ಮಿಲಿಮೀಟರ್ ದಪ್ಪ, 50 ಉದ್ದ ಅಂತ ಅರ್ಥ. ಇದರಲ್ಲಿ ವೋಲ್ಟೇಜ್ ಇಳಿಸೋ ಸರ್ಕ್ಯೂಟ್ ಇಲ್ಲ, ನೇರ 3.7. ನಾಲ್ಕು ತುಂಬಿದ 14500 ಹಾಕಿದ್ರೆ 6 ವೋಲ್ಟಿನ ರಿಮೋಟ್‌ಗೆ 16.8 ವೋಲ್ಟ್ ನುಗ್ಗುತ್ತೆ. ಸ್ವಿಚ್ ಒತ್ತಿದ ಕ್ಷಣಕ್ಕೇ ಸುಟ್ಟ ವಾಸನೆ ಬರಬಹುದು. ಅಂಗಡಿಯವನು "ಇದು ರೀಚಾರ್ಜ್ ಎಎ, ಜಾಸ್ತಿ ಪವರ್" ಅಂತ ಕೊಟ್ಟರೂ ಮೈಮೇಲಿನ ವೋಲ್ಟ್ ಓದದೆ ಹಾಕಬೇಡಿ.

18650 ಹಾಕೋ ರಿಮೋಟ್ ಇದ್ದರೆ

ಇದು ಹೊಸ ಕಾಲದ ರಿಮೋಟ್‌ಗಳ ಸೆಲ್. 18 ಮಿಲಿಮೀಟರ್ ದಪ್ಪ, 65 ಉದ್ದ. ಲಿಥಿಯಂ ಅಯಾನ್ ಸೆಲ್ 1991ರಲ್ಲಿ ಸೋನಿ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಇವತ್ತು ನಮ್ಮ ಫೋನು, ಪವರ್ ಬ್ಯಾಂಕು, ಇ-ಸ್ಕೂಟರು ಎಲ್ಲದರಲ್ಲೂ ಇದರದೇ ಸಂತಾನ. ತುಂಬಿದಾಗ 4.2, ಸರಾಸರಿ 3.7, ಖಾಲಿಯಾದಾಗ 3ರ ಹತ್ತಿರ. ರಿಮೋಟ್ ದೃಷ್ಟಿಯಿಂದ ಇದರ ದೊಡ್ಡ ಗುಣ ಅಂದ್ರೆ ವೋಲ್ಟೇಜ್ ಇಳಿಜಾರಿನಂತೆ ಇಳಿಯುತ್ತೆ. 4.0 ಕಂಡರೆ ಇನ್ನೂ ಬೇಕಾದಷ್ಟಿದೆ, 3.7 ಕಂಡರೆ ಅರ್ಧ ದಾಟಿದೆ, 3.5 ಕಂಡರೆ ಹೊರಡೋ ಹೊತ್ತು. ನಾನು ಆಗಲೇ ಹೇಳಿದ ಮೊದಲ ಪ್ರಶ್ನೆಗೆ ಅತಿ ಪ್ರಾಮಾಣಿಕ ಉತ್ತರ ಕೊಡೋದು ಇದೇ.

ಕೊಳ್ಳೋವಾಗ ಮೋಸ ಜಾಸ್ತಿ. ಒಳ್ಳೇ ಕಂಪನಿಯ 18650 ಸಾಮಾನ್ಯವಾಗಿ 2500ರಿಂದ 3500 ಎಂಎಎಚ್ ಇರುತ್ತೆ. 9800, 9900 ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದು ಸುಳ್ಳು, ಅಷ್ಟು ಶಕ್ತಿ ಆ ಡಬ್ಬಿಯೊಳಗೆ ಹಿಡಿಯೋದೇ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿ, ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತೆ. 30 ಗ್ರಾಂ ಬಂದ್ರೆ ಒಳಗೆ ಅರ್ಧ ಗಾಳಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಅಗ್ಗಕ್ಕೆ ಸಿಗುತ್ತೆ ಅಂತಾರೆ. ಟಾರ್ಚ್‌ಗೆ ಹಾಕೋರು ಹಾಕಲಿ, ಹಾರಿಸೋ ರಿಮೋಟ್‌ಗೆ ಬೇಡ.

ಇನ್ನೊಂದು ಸಣ್ಣ ವಿಷಯ. ರಕ್ಷಣಾ ಸರ್ಕ್ಯೂಟ್ ಸೇರಿಸಿದ 18650 ಎರಡು ಮೂರು ಮಿಲಿಮೀಟರ್ ಉದ್ದ ಜಾಸ್ತಿ ಇರುತ್ತೆ. ಕೆಲವು ರಿಮೋಟ್‌ಗಳ ಜಾಗದಲ್ಲಿ ಕೂರೋದೇ ಇಲ್ಲ. ಒತ್ತಿ ತುರುಕಿದ್ರೆ ಸ್ಪ್ರಿಂಗ್ ಬಾಗುತ್ತೆ, ಆಮೇಲೆ ಬೇರೆ ಸೆಲ್ ಹಾಕಿದಾಗ ಸಡಿಲ. ನಿಮ್ಮ ರಿಮೋಟಿನ ಪುಸ್ತಕ ಯಾವ ಉದ್ದ, ಯಾವ ತಲೆ ಅಂತ ಹೇಳುತ್ತೋ ಅದನ್ನೇ ತನ್ನಿ. ಪ್ಲಸ್ ಮೈನಸ್ ಎರಡು ಸಲ ನೋಡಿ ಹಾಕಿ. ಲಿಥಿಯಂ ಸೆಲ್ ಉಲ್ಟಾ ಹಾಕಿದ್ರೆ ಕ್ಷಮೆ ಇಲ್ಲ.

ಲಿಪೋ ಪ್ಯಾಕ್, ಅಂದ್ರೆ ವಿಮಾನದೊಳಗೆ ಹಾಕೋ ಮೆತ್ತನೆಯ ಚಪ್ಪಟೆ ಬ್ಯಾಟರಿ, ರಿಮೋಟ್‌ಗೂ ಸಿಗುತ್ತೆ. ಒಂದೇ ಸಲಕ್ಕೆ ಭಾರೀ ವಿದ್ಯುತ್ ಕೊಡೋದು ಅದರ ವಿಶೇಷ. ವಿಮಾನದ ಮೋಟರ್‌ಗೆ ಅದು ಬೇಕು, ರಿಮೋಟ್‌ಗೆ ಬೇಕಾಗಿಲ್ಲ. ಊದಿಕೊಳ್ಳುತ್ತೆ, ಚುಚ್ಚಿದ್ರೆ ಬೆಂಕಿ ಹತ್ತುತ್ತೆ. 18650 ಕೂರೋ ರಿಮೋಟ್ ಇದ್ದೂ ಲಿಪೋ ಹಾಕೋದರಲ್ಲಿ ನನಗೆ ಲಾಭ ಕಾಣೋದಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತ ಕರೆಯೋದು, ಸೋಲಾರ್ ದೀಪದ ಬ್ಯಾಟರಿಗಳಿಂದ ನಮಗೆ ಈಗ ಪರಿಚಯ. ಇದರ ಮೂಲ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಪ್ರಯೋಗಾಲಯ. ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡೆನಫ್ ಅಲ್ಲಿದ್ದರು. 1997ರಲ್ಲಿ ಬಂದ ಆ ಮೂಲ ಪ್ರಬಂಧದ ಲೇಖಕರ ಸಾಲಿನಲ್ಲಿ ಅವರ ಜೊತೆ ಪಾಧಿ, ನಂಜುಂಡಸ್ವಾಮಿ ಅನ್ನೋ ಹೆಸರುಗಳೂ ಇವೆ. ಓದಿದಾಗ ಖುಷಿಯಾಯ್ತು. ಒಂದು ಸೆಲ್ 3.2 ವೋಲ್ಟ್, ಎರಡು ಸೇರಿದ ಪ್ಯಾಕ್ 6.4ರಿಂದ 6.6. ಸೆಕೆ ತಡೆಯುತ್ತೆ, ಬೆಂಕಿಯ ಭಯ ಕಮ್ಮಿ, ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಹೋಗಲ್ಲ. ಕಲಬುರಗಿ, ರಾಯಚೂರು ಕಡೆಯ ಬಿಸಿಲಿಗೆ ಇದೇ ವಾಸಿ ಅನ್ನೋರಿದ್ದಾರೆ. ಆದರೆ ಇದರ ವೋಲ್ಟೇಜ್ ಮಲ್ನಾಡಿನ ಗದ್ದೆ ಮಡಿಯ ಥರ ಮಟ್ಟಸ, ಕೊನೆಗೆ ಒಂದೇ ಸಲ ಬದು ಇಳಿದಂತೆ ಇಳಿಯುತ್ತೆ. ಪರದೆ ನೋಡಿ ಅಂದಾಜು ಮಾಡೋಕಾಗಲ್ಲ, ಗಂಟೆ ಲೆಕ್ಕವನ್ನೇ ನಂಬಬೇಕು. ಚಾರ್ಜರ್‌ನಲ್ಲೂ ಎಲ್‌ಎಫ್‌ಪಿಗೆ ಬೇರೆಯೇ ಆಯ್ಕೆ ಇರಬೇಕು, ಯಾಕಂದ್ರೆ ಇದು ತುಂಬೋದು 3.6ಕ್ಕೆ, 4.2ಕ್ಕಲ್ಲ.

ಕೂಗೋ ವೋಲ್ಟೇಜ್ ನೀವೇ ಇಡಿ

ದೊಡ್ಡ ರಿಮೋಟ್‌ಗಳಲ್ಲಿ ಎಷ್ಟಕ್ಕೆ ಎಚ್ಚರಿಸಬೇಕು ಅನ್ನೋದನ್ನ ನಾವೇ ಹಾಕಬಹುದು. ಎಡ್ಜ್‌ಟಿಎಕ್ಸ್ ತಂತ್ರಾಂಶ ಇರೋ ರಿಮೋಟ್ ಆದ್ರೆ ಸಿಸ್ಟಂ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಎಚ್ಚರಿಕೆ ಅಂತ ಸಿಗುತ್ತೆ. ಬಹಳ ಜನ ಬ್ಯಾಟರಿ ಜಾತಿ ಬದಲಾಯಿಸ್ತಾರೆ, ಈ ಅಂಕಿ ಮುಟ್ಟೋದೇ ಇಲ್ಲ. ನಾನು ಇಡೋದು ಹೀಗೆ: ಎರಡು 18650 ಇದ್ದರೆ 7.0, ಎಲ್‌ಎಫ್‌ಪಿ ಎರಡು ಸೆಲ್ ಆದ್ರೆ 6.4, ನಿಕಲ್ ಆರು ಸೆಲ್ಲಿನ ಪ್ಯಾಕ್ ಆದ್ರೆ 6.9. ಪುಸ್ತಕದ ಅಂಕಿಗಿಂತ ಇವು ಸ್ವಲ್ಪ ಮೇಲೇ ಇರಬಹುದು. ಬೇಗ ಕೂಗಿದ್ರೆ ನಷ್ಟ ಇಲ್ಲ. ಪರದೆ ತೋರಿಸೋ ವೋಲ್ಟ್ ಸರಿಯಾ ಅಂತ ಒಂದು ಸಲ ಮಲ್ಟಿಮೀಟರ್ ಇಟ್ಟು ನೋಡಿ. ಪಂಪ್‌ಸೆಟ್ ರಿಪೇರಿಯವರ ಹತ್ರ ಮೀಟರ್ ಇದ್ದೇ ಇರುತ್ತೆ. ತಪ್ಪು ತೋರಿಸಿದ್ರೆ ಅದೇ ರಿಮೋಟಿನ ಹಾರ್ಡ್‌ವೇರ್ ಪುಟದಲ್ಲಿ ತಿದ್ದೋ ಜಾಗ ಇದೆ.

ಎಲ್ಲಕ್ಕಿಂತ ಒಳ್ಳೇದು ನಿಮ್ಮ ಸೆಲ್ಲಿನ ಗುಣ ನೀವೇ ಅಳೆಯೋದು. ಇದಕ್ಕೆ ಬೇಕಾಗಿರೋದು ನಿಮ್ಮ ಜೇಬಿನ ಫೋನ್ ಅಷ್ಟೆ. ಸೆಲ್ ಪೂರ್ತಿ ತುಂಬಿಸಿ, ಮನೆಯಲ್ಲೇ ರಿಮೋಟ್ ಆನ್ ಮಾಡಿ ಮೇಜಿನ ಮೇಲಿಡಿ, ವಿಮಾನ ಜೋಡಿಸಬೇಡಿ. ಎದುರಿಗೆ ಫೋನ್ ನಿಲ್ಲಿಸಿ ಕ್ಯಾಮೆರಾದಲ್ಲಿ ಟೈಮ್‌ಲ್ಯಾಪ್ಸ್ ಹಾಕಿ, ಚಾರ್ಜರ್ ಸಿಕ್ಕಿಸಿಯೇ ಇರಲಿ. ಪಕ್ಕದಲ್ಲಿ ಒಂದು ಗಡಿಯಾರವೂ ಚಿತ್ರದೊಳಗೆ ಬರಲಿ. ಬೆಳಗ್ಗೆಯಿಂದ ಸಂಜೆವರೆಗಿನ ವೋಲ್ಟೇಜ್ ಇಳಿತ ಎರಡು ನಿಮಿಷದ ವಿಡಿಯೋದಲ್ಲಿ ಕಾಣುತ್ತೆ. 4.8 ಇದ್ದದ್ದು 4.7 ಆಗೋಕೆ ಎಷ್ಟು ಹೊತ್ತು, ಬೀಪ್ ಬಂದ ಮೇಲೆ ಆಫ್ ಆಗೋಕೆ ಎಷ್ಟು ನಿಮಿಷ ಅನ್ನೋ ಎರಡು ಅಂಕಿ ಬರೆದಿಟ್ಟುಕೊಳ್ಳಿ. ನಿಕಲ್ ಸೆಲ್‌ಗೆ ಮಾತ್ರ ಪೂರ್ತಿ ಆಫ್ ಆಗೋವರೆಗೆ ಬಿಡಬಹುದು, ಅದೂ ಒಂದು ಸಲ, ಆಫ್ ಆದ ತಕ್ಷಣ ತೆಗೆದು ಚಾರ್ಜ್‌ಗೆ ಹಾಕಬೇಕು. ಲಿಥಿಯಂ ಆದ್ರೆ ಬೀಪ್ ಬಂದಾಗಲೇ ನಿಲ್ಲಿಸಿ. ವರ್ಷಕ್ಕೊಮ್ಮೆ ಹೀಗೆ ಮಾಡಿದ್ರೆ ಸೆಲ್ ಎಷ್ಟು ಮುದಿಯಾಗಿದೆ ಅನ್ನೋದೂ ಗೊತ್ತಾಗುತ್ತೆ.

ನಮ್ಮೂರ ಕರೆಂಟಿನಲ್ಲಿ ಚಾರ್ಜ್ ಮಾಡೋದು

ಪೇಟೆಯವರಿಗೆ ಇಲ್ಲದ ಒಂದು ತೊಂದರೆ ನಮಗಿದೆ. ಅಗ್ಗದ ನಿಕಲ್ ಚಾರ್ಜರ್‌ಗಳು ಸೆಲ್ ತುಂಬಿತಾ ಅಂತ ನೋಡೋದಿಲ್ಲ, ಗಡಿಯಾರ ನೋಡ್ತವೆ. ಇಷ್ಟು ಗಂಟೆ ಆಯ್ತು, ನಿಲ್ಲಿಸು ಅಂತ. ಮಧ್ಯೆ ಕರೆಂಟ್ ಹೋಗಿ ಬಂದ್ರೆ ಅವುಗಳ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ರಾತ್ರಿ ಮೂರು ಸಲ ಕರೆಂಟ್ ಹೋದ್ರೆ ಆಗಲೇ ತುಂಬಿದ ಸೆಲ್ಲಿಗೆ ಮತ್ತೆ ಮತ್ತೆ ತುಂಬಿಸ್ತಾನೇ ಇರ್ತವೆ. ಸೆಲ್ ಕಾಯುತ್ತೆ, ಆಯಸ್ಸು ಅರ್ಧ ಆಗುತ್ತೆ. ಅದಕ್ಕೇ ಪ್ರತಿ ಸೆಲ್ಲನ್ನೂ ಬೇರೆ ಬೇರೆ ನೋಡೋ ಸ್ಮಾರ್ಟ್ ಚಾರ್ಜರ್ ಕೊಳ್ಳಿ. ನಾಲ್ಕು ಮನೆಗೆ ನಾಲ್ಕು ದೀಪ ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ಅದೇ ಬಗೆ. ಎರಡೆರಡು ಸೆಲ್ಲಿಗೆ ಒಂದು ದೀಪ ಇದ್ದರೆ ಬಿಟ್ಟುಬಿಡಿ. ಸೆಲ್ಲಿಗಿಂತ ಚಾರ್ಜರ್ ಮೇಲೆ ಹಾಕಿದ ದುಡ್ಡೇ ಹೆಚ್ಚು ದಿನ ಬಾಳುತ್ತೆ. 2000 ಎಂಎಎಚ್ ಸೆಲ್ಲಿಗೆ 500 ಮಿಲಿಆಂಪ್ ಇಟ್ಟರೆ ನಾಲ್ಕೂವರೆ, ಐದು ಗಂಟೆ. ಅವಸರ ಬೇಡ.

ತೋಟದ ಮನೆಯಲ್ಲಿ ಕರೆಂಟೇ ಇಲ್ಲ ಅನ್ನೋರಿಗೆ ಐಮ್ಯಾಕ್ಸ್ ಬಿ6 ಥರದ ಹವ್ಯಾಸಿ ಚಾರ್ಜರ್ ಇದೆ. 11ರಿಂದ 18 ವೋಲ್ಟ್ ಡಿಸಿ ತಗೊಳ್ಳುತ್ತೆ, ನಿಕಲ್, ಲಿಥಿಯಂ, ಎಲ್‌ಎಫ್‌ಪಿ, ಸೀಸದ ಬ್ಯಾಟರಿ ಎಲ್ಲಕ್ಕೂ ಬೇರೆ ಬೇರೆ ಆಯ್ಕೆ ಇರುತ್ತೆ. ಸ್ಪ್ರೇಯರಿನ 12 ವೋಲ್ಟ್ ಬ್ಯಾಟರಿಯಿಂದಲೋ ಟ್ರ್ಯಾಕ್ಟರ್ ಬ್ಯಾಟರಿಯಿಂದಲೋ ಕ್ಲಿಪ್ ಹಾಕಿ ತುಂಬಿಸಬಹುದು. ಟ್ರ್ಯಾಕ್ಟರ್ ಸ್ಟಾರ್ಟ್ ಮಾಡೋ ಮುಂಚೆ ಕ್ಲಿಪ್ ಬಿಚ್ಚಿ. ಆಯ್ಕೆಯಲ್ಲಿ ಬ್ಯಾಟರಿ ಜಾತಿ ತಪ್ಪಿದ್ರೆ ಮಾತ್ರ ಅನಾಹುತ: ನಿಕಲ್ ಅಂತ ಒತ್ತಿ ಲಿಥಿಯಂ ಜೋಡಿಸೋದು ಬೆಂಕಿಗೆ ಆಹ್ವಾನ. ಇದೇ ಕಾರಣಕ್ಕೆ ರಿಮೋಟಿನ ಸ್ವಂತ ಚಾರ್ಜಿಂಗ್ ತೂತನ್ನೂ ಕಣ್ಣು ಮುಚ್ಚಿ ನಂಬಬೇಡಿ. ಎಫ್‌ಆರ್‌ಸ್ಕೈ ಟರಾನಿಸ್ ಎಕ್ಸ್9ಡಿ ಒಳಗಿನ ಚಾರ್ಜರ್ ಇರೋದು ನಿಕಲ್ ಪ್ಯಾಕ್‌ಗೆ. ಅದಕ್ಕೆ ಲಿಥಿಯಂ ಪ್ಯಾಕ್ ಹಾಕಿಕೊಂಡೋರು ಪ್ಯಾಕ್ ಹೊರಗೆ ತೆಗೆದೇ ಚಾರ್ಜ್ ಮಾಡಬೇಕು. ಹಳೇ ರಿಮೋಟ್‌ಗಳಲ್ಲಿ ಪಿನ್ನಿನ ಮಧ್ಯ ಫುಟಾಬಾದಲ್ಲಿ ಪ್ಲಸ್, ಜೆಆರ್‌ನಲ್ಲಿ ಮೈನಸ್. ಒಬ್ಬರ ಚಾರ್ಜರ್ ಇನ್ನೊಬ್ಬರಿಗೆ ಆಗಲ್ಲ.

ಲಿಥಿಯಂ ಏನೇ ಚಾರ್ಜ್ ಮಾಡಿದ್ರೂ ಎಚ್ಚರ ಇರೋ ಹೊತ್ತಲ್ಲಿ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಮಾಡಿ. ಹುಲ್ಲು, ಕೊಬ್ಬರಿ ಮಟ್ಟೆ, ಗೋಣಿಚೀಲ ಇರೋ ಕೊಟ್ಟಿಗೆಯಲ್ಲಿ ಬೇಡವೇ ಬೇಡ. ತಿಂಗಳುಗಟ್ಟಲೆ ಮುಟ್ಟೋದಿಲ್ಲ ಅನ್ನೋದಾದ್ರೆ ಲಿಥಿಯಂ ಸೆಲ್ಲನ್ನ ಪೂರ್ತಿ ತುಂಬಿಸಿ ಇಡಬೇಡಿ, 3.8 ವೋಲ್ಟ್ ಆಸುಪಾಸಿನಲ್ಲಿ ತಂಪಾದ ಕಡೆ ಇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ರಿಮೋಟ್ ಬಿಡಬೇಡಿ.

ಸ್ಪ್ರೇ ಡ್ರೋನ್ ಕೈಗೆ ಬಂದ ಮೇಲೆ ಇದರಲ್ಲಿ ಬಹುಪಾಲು ನಿಮ್ಮ ಕೈಯಲ್ಲಿ ಇರೋದಿಲ್ಲ. ಅವುಗಳ ರಿಮೋಟ್‌ನಲ್ಲಿ ಲಿಥಿಯಂ ಬ್ಯಾಟರಿ ಒಳಗೇ ಇರುತ್ತೆ, ಅದನ್ನ ಬಿಚ್ಚಿ ಬೇರೆ ಹಾಕೋಕೆ ಹೋಗಬೇಡಿ. ಕಂಪನಿ ಒಪ್ಪಿಗೆ ಕೊಟ್ಟ ಬ್ಯಾಟರಿ, ಚಾರ್ಜರ್ ಮಾತ್ರ ಬಳಸಿ. ಆದರೆ ಪರದೆಯ ಶೇಕಡಾವಾರು ನೋಡೋ ಅಭ್ಯಾಸ ನಿಮ್ಮದೇ. ಡ್ರೋನ್ ಬ್ಯಾಟರಿ ಬದಲಾಯಿಸಿದಾಗಲೆಲ್ಲ ರಿಮೋಟ್ ಕಡೆಯೂ ಒಂದು ಸಲ ಕಣ್ಣು ಹಾಯಿಸಿ. ಡ್ರೋನ್‌ಗೆ ದಿನಕ್ಕೆ ಹತ್ತು ಬ್ಯಾಟರಿ ಬದಲಾಗುತ್ತೆ, ರಿಮೋಟ್‌ಗೆ ಬೆಳಗಿನಿಂದ ಇರೋದು ಒಂದೇ.

ಕೊನೇದಾಗಿ ಒಂದು ಪರೀಕ್ಷೆ, ಇದನ್ನ ಇವತ್ತೇ ಮಾಡಿ. ನಿಮ್ಮ ಅಭ್ಯಾಸದ ವಿಮಾನದ ಅಥವಾ ಡ್ರೋನ್‌ನ ಪ್ರೊಪೆಲ್ಲರ್ ಎಲ್ಲ ಬಿಚ್ಚಿ. ಎರಡನ್ನೂ ಆನ್ ಮಾಡಿ, ಥ್ರಾಟಲ್ ಸ್ವಲ್ಪ ಮೇಲಕ್ಕೆ ಮಾಡಿ, ಮೋಟರ್ ತಿರುಗ್ತಾ ಇರೋವಾಗಲೇ ರಿಮೋಟ್ ಆಫ್ ಮಾಡಿ. ಕ್ಷಣದಲ್ಲಿ ಮೋಟರ್ ನಿಂತರೆ ನಿಮ್ಮ ಫೇಲ್‌ಸೇಫ್ ಸರಿ ಇದೆ. ತಿರುಗ್ತಾನೇ ಇದ್ದರೆ ರಿಮೋಟ್ ಸತ್ತ ದಿನ ಅದು ಮೇಲೂ ಹಾಗೇ ತಿರುಗ್ತಾ ಹೋಗುತ್ತೆ. ರಿಮೋಟಿನ ಮೆನುವಿನಲ್ಲಿ ಫೇಲ್‌ಸೇಫ್ ಅಂತ ಇರೋ ಕಡೆ ಥ್ರಾಟಲ್ ಸೊನ್ನೆ ಅಂತ ಇಟ್ಟು ಮತ್ತೆ ಪರೀಕ್ಷೆ ಮಾಡಿ, ಆಮೇಲೆ ಪ್ರೊಪೆಲ್ಲರ್ ಹಾಕಿ.